ಜಲಪಾತದ ಬೆನ್ನ ಹಿಂದೆ

ಜೋಗದ ಬಗ್ಗೆ ಕನ್ನಡದಲ್ಲಿ ಬರುವ ಚಾರಣ ಬರಹಗಳು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತವೆ. ಮಂಜು ಸರಿಯಲೆಂದು ಕಾದು, ಸಾವಿರಕ್ಕೂ ಹೆಚ್ಚು ಮೆಟ್ಟಿಲಿಳಿದು ಶರಾವತಿ ಕಣಿವೆಯ ತಳ ಮುಟ್ಟಿದ ಲೇಖಕರು, ತಲೆಯೆತ್ತಿ ನೋಡಿ 'ಮಾತಿಗೆ ನಿಲುಕದ ಸೌಂದರ್ಯ' ಎಂದು ಮುಗಿಸುತ್ತಾರೆ. ನಡುಗಿದ ಮೊಣಕಾಲು, ಜಾರಿದ ಬಂಡೆ, 253 ಮೀಟರ್ ಎತ್ತರ ಎಲ್ಲವೂ ಬರುತ್ತವೆ. ಅಂದು ಅಷ್ಟು ನೀರು ಯಾಕಿತ್ತು, ಬೇಸಿಗೆಯಲ್ಲಿ ಯಾಕಿರುವುದಿಲ್ಲ ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ.

ಈ ನೋಟವನ್ನು ನಾವು ಹಾಡುಗಳಿಂದ ಕಲಿತಂತಿದೆ. ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರು, ಬಂಡೆಯನ್ನು ಓದಬಲ್ಲವರು. ಆದರೂ ಅವರ 'ನಿತ್ಯೋತ್ಸವ' ಜೋಗದ ಮುಂದೆ ಹೆಚ್ಚು ಹೊತ್ತು ನಿಲ್ಲದೆ ನಾಡಿನ ಉಳಿದ ಚೆಲುವಿನತ್ತ ಹೊರಳುತ್ತದೆ. ಅದು ತಪ್ಪಲ್ಲ. ನಾಡಿಗೆ ಸಲ್ಲಿಸುವ ವಂದನೆಗೆ ಅಷ್ಟು ಸಾಕು. ಗದ್ಯವೂ ಅದೇ ನಿಲುವನ್ನು ಎರವಲು ತಂದಾಗ ತೊಡಕು ಶುರುವಾಗುತ್ತದೆ. ಕಾಲ್ನಡಿಗೆಯಲ್ಲಿ ಹೋದವರು ವಂದಿಸಿ ಬಂದರೆ ಸಾಲದು, ಕಂಡದ್ದರ ಕಾರಣವನ್ನೂ ಹೇಳಬೇಕು.

ಅದನ್ನು ಹೇಳಿದವರು ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಮುಳುಗಡೆಯನ್ನು ಹತ್ತಿರದಿಂದ ಕಂಡಿದ್ದ ಅವರ 'ದ್ವೀಪ' ಕಾದಂಬರಿ ನಡೆಯುವುದು ಅಣೆಕಟ್ಟಿನ ಹಿನ್ನೀರಿನಲ್ಲಿ. ಇಲ್ಲಿ ನೀರು ಧುಮುಕುವುದಿಲ್ಲ, ದಿನದಿನಕ್ಕೆ ಏರುತ್ತದೆ. ಗಣಪಯ್ಯ, ನಾಗವೇಣಿಯರ ಮನೆಯ ಸುತ್ತ ಅದು ಸದ್ದಿಲ್ಲದೆ ಬಂದು ನಿಲ್ಲುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಮೇಲುಗಡೆ ನೀರನ್ನು ತಡೆದು ನಿಲ್ಲಿಸಿದ್ದರಿಂದಲೇ ಬೇಸಿಗೆಯ ಜೋಗ ಬಂಡೆಯಾಗಿ ಕಾಣುತ್ತದೆ. ಹಾಗಾಗಿ 'ದ್ವೀಪ'ವನ್ನು ಜೋಗದ ಬಗೆಗಿನ ಕೃತಿಯಾಗಿಯೂ ಓದಬೇಕೆಂದು ನನಗನ್ನಿಸುತ್ತದೆ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕೂತು ಓದುವವರಿಗೆ ಇದು ದೂರದ ಮಾತಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಗೆ ಜಲಪಾತ ಮೊದಲು ಬಂದದ್ದು ತಂತಿಯ ಮೂಲಕ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 150 ಕಿ.ಮೀ. ದಾಟಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಇಂದು ಇದೇ ಜಿಲ್ಲೆ ಪಶ್ಚಿಮ ಘಟ್ಟದ ಎತ್ತಿನಹೊಳೆಯ ನೀರಿಗೆ ಕಾಯುತ್ತಿದೆ. ಕುಡಿಯುವ ನೀರು ಕೇಳುವುದು ನಮ್ಮ ಹಕ್ಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇನ್ನೊಬ್ಬರ ಹೊಳೆಯನ್ನು ಬೇಡುವವರು ಆ ಹೊಳೆಯನ್ನು ಬರೀ ಚೆಲುವಿನ ಮಾತಿನಲ್ಲಿ ಬಣ್ಣಿಸಿ ಸುಮ್ಮನಾದರೆ, ಅದು ಅಲ್ಲಿ ಮನೆಮಾರು ಕಳೆದುಕೊಂಡವರ ಲೆಕ್ಕವನ್ನು ಮುಚ್ಚಿಟ್ಟಂತೆ.

'ಮಾತಿಗೆ ನಿಲುಕದು' ಎನ್ನುವಲ್ಲಿ ಬರಹ ನಿಲ್ಲಬಾರದು. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿ. ಜೋಗಕ್ಕೆ ಹೋಗುವವರು ಒಮ್ಮೆ ಏಪ್ರಿಲ್‌ನಲ್ಲೂ ಹೋಗಲಿ. ಕಣಿವೆಗಿಳಿದಷ್ಟೇ ಶ್ರದ್ಧೆಯಿಂದ ಹಿನ್ನೀರಿನಾಚೆಯ ತುಮರಿಯ ಕಡೆಗೂ ನಡೆದು, ಅಲ್ಲಿಯವರನ್ನು ಮಾತಾಡಿಸಿ, ಆಮೇಲೆ ಬರೆಯಲಿ.