ಬೋಧಿಧರ್ಮನ ಬ್ಯಾಕಪ್

2020ರ ಲಾಕ್‌ಡೌನ್ ದಿನಗಳಲ್ಲಿ ಚೆನ್ನೈನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಎರಡು ಸಂಗತಿಗಳು ತಪ್ಪದೆ ಬರುತ್ತಿದ್ದವು. ಒಂದು, ಅರಿಸಿನದ ಮಹಿಮೆ. ಇನ್ನೊಂದು, ‘ಏಳಾಂ ಅರಿವು’ ಚಿತ್ರದ ತುಣುಕುಗಳು. ಚೀನಾದಿಂದ ಬರುವ ರೋಗದ ಕಥೆಯನ್ನು ಎ. ಆರ್. ಮುರುಗದಾಸ್ 2011ರಲ್ಲೇ ಹೇಳಿಬಿಟ್ಟಿದ್ದರಲ್ಲ ಎಂಬ ಬೆರಗು ಎಲ್ಲರದು. ನಾನೂ ಒಂದು ಸಂಜೆ ಹತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಚಿತ್ರವನ್ನು ಮತ್ತೆ ನೋಡಿದೆ. ಮುಗಿದ ಮೇಲೆ ಅವಳು ಕೇಳಿದಳು: “ಅಪ್ಪಾ, ಹಾಗಾದ್ರೆ ಅಜ್ಜನ ಕನ್ನಡ ನನ್ನ ಡಿಎನ್‌ಎನಲ್ಲೂ ಇರತ್ತಲ್ವಾ? ಭಾನುವಾರದ ಕ್ಲಾಸ್ ಯಾಕೆ ಮತ್ತೆ?”

ತರಗತಿ ತಪ್ಪಿಸಿಕೊಳ್ಳುವ ಉಪಾಯ ಅದು, ಗೊತ್ತು. ಆದರೆ ಆ ಚಿತ್ರದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಅದರ ಬುಡಕ್ಕೆ ಕೈಹಾಕಿರಲಿಲ್ಲ.

ಕಥೆ ಮರೆತವರಿಗಾಗಿ: ಕಾಂಚೀಪುರದ ಪಲ್ಲವ ರಾಜಕುಮಾರ ಬೋಧಿಧರ್ಮ ಚೀನಾಕ್ಕೆ ಹೋಗುತ್ತಾನೆ. ಅಲ್ಲಿಯ ಹಳ್ಳಿಯೊಂದನ್ನು ಸಾಂಕ್ರಾಮಿಕ ರೋಗದಿಂದ ಕಾಪಾಡುತ್ತಾನೆ, ವೈದ್ಯ ಮತ್ತು ಯುದ್ಧಕಲೆ ಎರಡನ್ನೂ ಆ ಜನರಿಗೆ ಕಲಿಸುತ್ತಾನೆ. ಅವನು ತಮ್ಮ ಮಣ್ಣಿನಲ್ಲೇ ಉಳಿಯಲಿ ಎಂದು ಅವರು ವಿಷವಿಟ್ಟಾಗ, ತಿಳಿದೂ ತಿಳಿದೂ ಉಣ್ಣುತ್ತಾನೆ. ಇಂದಿನ ಚೆನ್ನೈನಲ್ಲಿ ಶುಭಾ ಎಂಬ ತಳಿವಿಜ್ಞಾನದ ವಿದ್ಯಾರ್ಥಿನಿ (ಶ್ರುತಿ ಹಾಸನ್) ಅದೇ ವಂಶದ ಸರ್ಕಸ್ ಕಲಾವಿದ ಅರವಿಂದನನ್ನು ಹುಡುಕಿ, ಅವನ ವಂಶವಾಹಿಯಲ್ಲಿ ನಿದ್ದೆಹೋಗಿರುವ ಬೋಧಿಧರ್ಮನನ್ನು ಎಬ್ಬಿಸಲು ಹೊರಡುತ್ತಾಳೆ. ಆ ಹೊತ್ತಿಗೇ ರೋಗ ಹರಡಲು ಚೀನಾದಿಂದ ಡಾಂಗ್ ಲೀ ಬಂದಿಳಿಯುತ್ತಾನೆ.

ಮೊದಲ ಇಪ್ಪತ್ತು ನಿಮಿಷ ಈಗಲೂ ಚೆನ್ನಾಗಿದೆ. ಮಾತು ಕಡಿಮೆ, ಸೂರ್ಯ ಅವರ ದೇಹಭಾಷೆಯಲ್ಲಿ ಗಾಂಭೀರ್ಯ ಇದೆ. ನೋಟದಿಂದಲೇ ದಾರಿಹೋಕರನ್ನು ಆಯುಧ ಮಾಡಿಕೊಳ್ಳುವ ಡಾಂಗ್ ಲೀಯನ್ನು ಕಂಡು ಮಗಳು ನನ್ನ ತೋಳು ಹಿಡಿದುಕೊಂಡಳು. ಥ್ರಿಲ್ಲರ್ ಆಗಿ ಚಿತ್ರ ತನ್ನ ಕೆಲಸ ಮಾಡುತ್ತದೆ. ನನ್ನ ತಕರಾರಿರುವುದು ಅದು ನಂಬಿಸಲು ಹೊರಟಿರುವ ವಿಷಯದ ಬಗ್ಗೆ.

ಮೊದಲು ಲೆಕ್ಕ. ಬೋಧಿಧರ್ಮನ ಕಾಲ 5-6ನೇ ಶತಮಾನ. ತಲೆಮಾರಿಗೆ 27 ವರ್ಷ ಎಂದು ಹಿಡಿದರೆ 1500 ವರ್ಷಕ್ಕೆ ಸುಮಾರು 55 ತಲೆಮಾರು. ಒಬ್ಬ ಪೂರ್ವಜನ ಪಾಲು ಪ್ರತಿ ತಲೆಮಾರಿಗೂ ಸರಾಸರಿ ಅರ್ಧವಾಗುತ್ತಾ ಹೋಗುತ್ತದೆ. ಹತ್ತು ತಲೆಮಾರು ದಾಟುವಷ್ಟರಲ್ಲಿ 1024ರಲ್ಲಿ ಒಂದು ಪಾಲು. ಡಿಎನ್‌ಎ ಹನಿಹನಿಯಾಗಿ ಅಲ್ಲ, ತುಂಡುತುಂಡಾಗಿ ಇಳಿದು ಬರುವುದರಿಂದ, ಹದಿನೈದು ತಲೆಮಾರು ಹಿಂದಿನ ಹೆಚ್ಚಿನ ಪೂರ್ವಜರ ಒಂದು ತುಂಡೂ ನಮ್ಮಲ್ಲಿ ಉಳಿದಿರುವುದಿಲ್ಲ. ತಂದೆಯಿಂದ ಮಗನಿಗೆ ಕಡಿಯದೆ ಬಂದ ವೈ ಕ್ರೋಮೋಸೋಮ್ ಇದಕ್ಕೆ ಹೊರತು. ಅದರಲ್ಲಿ ಗಿಡಮೂಲಿಕೆಗಳ ಪಟ್ಟಿಯಂತೂ ಇರುವುದಿಲ್ಲ.

ಹಾಗಾದರೆ ಅನುಭವ ರಕ್ತದಲ್ಲಿ ಇಳಿಯುವುದೇ ಇಲ್ಲವೇ? ಚಿತ್ರ ಬಂದ ಎರಡು ವರ್ಷಕ್ಕೆ, 2013ರಲ್ಲಿ, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಬ್ರಯನ್ ಡಯಾಸ್ ಮತ್ತು ಕೆರಿ ರೆಸ್ಲರ್ ಒಂದು ಪ್ರಯೋಗ ಪ್ರಕಟಿಸಿದರು. ಗಂಡು ಇಲಿಗಳಿಗೆ ಒಂದು ವಾಸನೆ ತೋರಿಸಿ ಕಾಲಿಗೆ ವಿದ್ಯುತ್ ಶಾಕ್ ಕೊಟ್ಟರು. ಆ ವಾಸನೆಯನ್ನು ಎಂದೂ ಕಂಡಿರದ ಅವುಗಳ ಮಕ್ಕಳು, ಮೊಮ್ಮಕ್ಕಳು ಕೂಡ ಅದಕ್ಕೆ ಹೆಚ್ಚು ಬೆಚ್ಚಿದವು. ಈ ಫಲಿತಾಂಶವನ್ನು ಪ್ರಶ್ನಿಸಿದ ವಿಜ್ಞಾನಿಗಳಿದ್ದಾರೆ. ನಿಜವೆಂದೇ ಇಟ್ಟುಕೊಳ್ಳೋಣ. ಆ ಮರಿಗಳಿಗೆ ಅಜ್ಜನ ನೆನಪಾಗಲಿಲ್ಲ, ಅಜ್ಜನಿದ್ದ ಪಂಜರವೂ ಗೊತ್ತಾಗಲಿಲ್ಲ. ಇಳಿದು ಬಂದದ್ದು ಒಂದು ಬೆಚ್ಚುವಿಕೆ, ಅಷ್ಟೆ. ಯಾಕೆ ಬೆಚ್ಚಬೇಕು ಎಂಬ ಕಥೆ ಬರಲಿಲ್ಲ.

ಇದೆಲ್ಲ ಸಿನಿಮಾದವರಿಗೆ ಗೊತ್ತಿಲ್ಲವೆಂದಲ್ಲ. ಅವರು ನಂಬಿಕೊಂಡಿದ್ದು ನಮ್ಮ ಹಳೆಯ ಪರಿಚಯವೊಂದನ್ನು: ದ್ವಿಪಾತ್ರ. ಪೂರ್ವಜನೂ ಸೂರ್ಯ, ವಂಶಜನೂ ಸೂರ್ಯ. 1958ರ ‘ಮಧುಮತಿ’ಯ ದಿಲೀಪ್ ಕುಮಾರ್ ಕಾಲದಿಂದ ಒಂದೇ ಮುಖವನ್ನು ಎರಡು ಕಾಲದಲ್ಲಿ ತೋರಿಸಿದ ತಕ್ಷಣ ನಾವು ಪುನರ್ಜನ್ಮ ಎಂದು ಓದಿಕೊಳ್ಳುತ್ತೇವೆ. ಚಿತ್ರ ಬಾಯಲ್ಲಿ ವಂಶವಾಹಿ ಎನ್ನುತ್ತದೆ, ಕಣ್ಣಿಗೆ ಪೂರ್ವಜನ್ಮ ತೋರಿಸುತ್ತದೆ.

ಆದರೆ ಇವೆರಡೂ ಒಂದೇ ಮಾತಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್, ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಮುಂತಾದವರು ಪೂರ್ವಜನ್ಮದ ನೆನಪಿದೆ ಎನ್ನುವ ಮಕ್ಕಳ ಪ್ರಕರಣಗಳನ್ನು ವರ್ಷಗಟ್ಟಲೆ ದಾಖಲಿಸಿದರು. ಅವುಗಳಿಂದ ಏನೂ ಸಾಬೀತಾಯಿತೆಂದು ನಾನು ಒಪ್ಪುವುದಿಲ್ಲ. ಆದರೆ ಭಾರತದ ಪ್ರಕರಣಗಳಲ್ಲಿ ಆ ಮಕ್ಕಳು ಸಾಮಾನ್ಯವಾಗಿ ಹೇಳುವುದು ಬೇರೆ ಊರಿನ, ಬೇರೆ ಮನೆಯ ನೆನಪನ್ನು. ಪುನರ್ಜನ್ಮಕ್ಕೆ ರಕ್ತಸಂಬಂಧ ಬೇಕಿಲ್ಲ. ಯಾರು ಯಾರ ಮನೆಯಲ್ಲಾದರೂ ಹುಟ್ಟಬಹುದು ಎಂಬ ಉದಾರತೆ ಆ ನಂಬಿಕೆಯಲ್ಲಿದೆ. ವಂಶವಾಹಿಯ ನೆನಪು ಆ ಬಾಗಿಲನ್ನು ಮುಚ್ಚುತ್ತದೆ. ಅದರ ಪ್ರಕಾರ ಅರವಿಂದನಿಗೆ ಮಾತ್ರ ಆಸ್ತಿಯಿದೆ, ಉಳಿದವರಿಗಿಲ್ಲ.

ಇಲ್ಲಿ ನಮ್ಮ ‘ಆಪ್ತಮಿತ್ರ’ (2004) ನೆನಪಾಗುತ್ತದೆ. ಮಲಯಾಳದ ‘ಮಣಿಚಿತ್ರತ್ತಾಳ್’ನಿಂದ ಬಂದ ಕಥೆ. ಅದರಲ್ಲಿ ವಿಜ್ಞಾನದ ಪರಿಭಾಷೆ ಕಡಿಮೆ, ಗದ್ದಲ ಜಾಸ್ತಿ. ಆದರೂ ನೆನಪಿನ ಬಗ್ಗೆ ಅದು ಹೇಳುವ ಮಾತು ಹೆಚ್ಚು ಸತ್ಯ. ಸೌಂದರ್ಯ ಅವರ ಗಂಗಾ ನಾಗವಲ್ಲಿಯ ವಂಶದವಳಲ್ಲ. ಆ ಮನೆಗೆ ಹೊರಗಿನಿಂದ ಬಂದವಳು. ಕಥೆ ಕೇಳುತ್ತಾಳೆ, ಮುಚ್ಚಿದ ಕೋಣೆ ತೆರೆಯುತ್ತಾಳೆ, ಒಡವೆ ಮುಟ್ಟುತ್ತಾಳೆ, ಚಿತ್ರಪಟ ನೋಡುತ್ತಾಳೆ. ಹಾಗೆ ಕಿವಿಯಿಂದಲೂ ಕೈಯಿಂದಲೂ ಒಳಗಿಳಿದ ಬೇರೊಬ್ಬಳ ದುಃಖ ಅವಳದೇ ಆಗಿಬಿಡುತ್ತದೆ. ವಿಷ್ಣುವರ್ಧನ್ ಅವರ ಡಾಕ್ಟರಿಗೆ ಒಂದೇ ಚಿಂತೆ: ಗಂಗಾಳನ್ನು ಗಂಗಾಳಾಗಿ ಮರಳಿ ಪಡೆಯುವುದು ಹೇಗೆ? ನಾಗವಲ್ಲಿಯ ಸೇಡನ್ನು ಗೊಂಬೆಯ ಮೇಲೆ ತೀರಿಸಿ ಅವಳನ್ನು ಕಳಿಸಿಕೊಡುವುದೂ ಅದಕ್ಕಾಗಿಯೇ.

‘ಏಳಾಂ ಅರಿವು’ ಈ ಚಿಂತೆ ಮಾಡುವುದಿಲ್ಲ. ಶುಭಾ ಸಂಶೋಧನೆಗಾಗಿ ಅರವಿಂದನ ಸ್ನೇಹ ಬೆಳೆಸುತ್ತಾಳೆ. ತನ್ನನ್ನು ಮಾದರಿಯಾಗಿ ನೋಡಲಾಗುತ್ತಿದೆ ಎಂದು ತಿಳಿದಾಗ ಅವನಿಗಾಗುವ ನೋವು ಚಿತ್ರದಲ್ಲಿ ಮನುಷ್ಯಸಹಜವಾಗಿರುವ ಕೆಲವೇ ಗಳಿಗೆಗಳಲ್ಲಿ ಒಂದು. ಅದನ್ನು ಬೇಗ ದಾಟಿಬಿಡುತ್ತಾರೆ. ಬೋಧಿಧರ್ಮ ಎದ್ದರೆ ಅರವಿಂದ ಎಲ್ಲಿ ಹೋಗುತ್ತಾನೆ? ಸರ್ಕಸ್ಸಿನಲ್ಲಿ ಬೆವರು ಸುರಿಸಿ ಅವನೇ ಕಲಿತ ವಿದ್ಯೆಗೆ ಬೆಲೆಯಿಲ್ಲವೇ? ವೈದ್ಯಕೀಯ ಥ್ರಿಲ್ಲರ್ ಒಂದು ಕೇಳಲೇಬೇಕಾದ ಪ್ರಶ್ನೆಯಿದು. ಇಲ್ಲಿ ರೋಗಿ ಒಂದು ಪೆಟ್ಟಿಗೆ ಮಾತ್ರ. ಒಳಗಿನ ಒಡವೆ ಸಿಕ್ಕರೆ ಸಾಕು.

ನನ್ನ ವೃತ್ತಿಯ ಮಾತಿನಲ್ಲಿ ಹೇಳುತ್ತೇನೆ. ತಂಡದಿಂದ ಯಾರಾದರೂ ಬಿಟ್ಟುಹೋಗುವಾಗ ನಾವು ಮಾಡುವ ಕೆಲಸಕ್ಕೆ ಕೆಟಿ ಎನ್ನುತ್ತೇವೆ, ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್. ಎಲ್ಲರಿಗೂ ಬೇಸರದ ಕೆಲಸ. ಹೋಗುವವನಿಗೆ ಮನಸ್ಸಿಲ್ಲ, ಬರುವವನಿಗೆ ಅರ್ಥವಾಗಿರುವುದಿಲ್ಲ. ಹೇಗೂ ಸರ್ವರ್‌ನಲ್ಲಿ ಬ್ಯಾಕಪ್ ಇದೆಯಲ್ಲ ಎಂದು ಅದನ್ನು ಅರ್ಧಕ್ಕೆ ಬಿಟ್ಟು ಆಮೇಲೆ ರಾತ್ರಿಯಿಡೀ ಕೂತದ್ದುಂಟು. ಫೈಲುಗಳೆಲ್ಲ ಇರುತ್ತವೆ, ಯಾಕೆ ಹಾಗೆ ಬರೆದರು ಎಂಬುದು ಮಾತ್ರ ಹೋಗಿಬಿಟ್ಟಿರುತ್ತದೆ. ‘ಏಳಾಂ ಅರಿವು’ ಬ್ಯಾಕಪ್ಪನ್ನು ನಂಬಿದ ಚಿತ್ರ. ಹದಿನೈದು ಶತಮಾನ ಯಾರೂ ಕೆಟಿ ಮಾಡದಿದ್ದರೂ ಚಿಂತೆಯಿಲ್ಲ, ಡಿಎನ್‌ಎಯಲ್ಲಿ ಎಲ್ಲ ಇದೆ.

ವಿಚಿತ್ರವೆಂದರೆ ಬೋಧಿಧರ್ಮನ ಪರಂಪರೆಯೇ ಇದಕ್ಕೆ ಎದುರು ಸಾಕ್ಷಿ. ಅವನ ಮೂಲದ ಬಗ್ಗೆಯೇ ಹಳೆಯ ಚೀನೀ ಬರಹಗಳಲ್ಲಿ ಒಮ್ಮತವಿಲ್ಲ. 547ರ ಸುಮಾರಿಗೆ ಬರೆದ ಯಾಂಗ್ ಷುವಾನ್‌ಝಿ ಅವನನ್ನು ಪಾರಸಿಕ ಎಂದರೆ, ತಾನ್‌ಲಿನ್ ದಕ್ಷಿಣ ಭಾರತದ ರಾಜಪುತ್ರ ಎನ್ನುತ್ತಾನೆ. ಅವನೇ ಶಾವೊಲಿನ್ ಯುದ್ಧಕಲೆಯ ಮೂಲಪುರುಷ ಎಂಬ ಕಥೆ ಅವನಿಗಿಂತ ಸಾವಿರ ವರ್ಷ ಈಚಿನದು. ಆದರೆ ಚಾನ್ ಪರಂಪರೆಗೆ ಒಂದು ವಿಷಯದಲ್ಲಿ ಗೊಂದಲವಿಲ್ಲ. ಬೋಧಿಧರ್ಮನ ಉತ್ತರಾಧಿಕಾರಿ ಮಗನಲ್ಲ, ಮೊಮ್ಮಗನಲ್ಲ. ಹುಯಿಕೆ ಎಂಬ ಚೀನೀ ಶಿಷ್ಯ. ಕಲಿಸಿ ಎಂದು ಹಿಮದಲ್ಲಿ ನಿಂತು, ತನ್ನ ನಿಷ್ಠೆ ತೋರಿಸಲು ಕೈಯನ್ನೇ ಕತ್ತರಿಸಿಕೊಂಡನೆಂದು ಐತಿಹ್ಯ. ಬೋಧಿಧರ್ಮ ಚೀನಾದಲ್ಲಿ ಉಳಿದ, ನಾವು ಮರೆತೆವು ಎಂದು ಚಿತ್ರ ಕೊರಗುತ್ತದೆ. ಅಲ್ಲಿ ಉಳಿದದ್ದು ಅಲ್ಲಿಯವರು ಕಲಿತದ್ದರಿಂದ. ಚಿತ್ರದ ಮೊದಲ ಇಪ್ಪತ್ತು ನಿಮಿಷ ತೋರಿಸುವುದೂ ಇದನ್ನೇ. ಉಳಿದ ಭಾಗ ಅದನ್ನು ಮರೆತುಬಿಡುತ್ತದೆ.

ರಕ್ತದ ಮೇಲೆ ಕಟ್ಟಿದ ಹೆಮ್ಮೆಯ ಗತಿಯನ್ನು ಕನ್ನಡ ಓದುಗರು ಭೈರಪ್ಪನವರ ‘ವಂಶವೃಕ್ಷ’ದಲ್ಲಿ 1965ರಲ್ಲೇ ನೋಡಿದ್ದಾರೆ. ಇಡೀ ಬಾಳನ್ನು ವಂಶಕ್ಕೆ ಮುಡಿಪಿಟ್ಟ ಶ್ರೋತ್ರಿಯರಿಗೆ ಕೊನೆಯಲ್ಲಿ ತಿಳಿಯುವುದು, ತಾವು ಆ ವಂಶದ ರಕ್ತವೇ ಅಲ್ಲ ಎಂದು. ಆದರೂ ಅವರು ಕಲಿತ ವೇದ, ನಡೆದ ನಡೆ ಸುಳ್ಳಾಗುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದು ಬರೀ ಸಿನಿಮಾದ ಮಾತಲ್ಲ. ಚೆನ್ನೈಗೆ ಬಂದ ಹೊಸತರಲ್ಲಿ ಬಸ್ಸಿನ ಬೋರ್ಡು ಓದಲಾಗದೆ ನಿಲ್ಲುತ್ತಿದ್ದ ನನಗೆ ತಮಿಳು ಕಲಿಸಿದವರು ಎದುರುಮನೆಯ ಹಿರಿಯರು. ರಕ್ತ ಕೇಳಲಿಲ್ಲ. ಅತ್ತ ನನ್ನ ಅಜ್ಜಿ ಬಾಣಂತಿಯರಿಗೆ ಕುದಿಸಿ ಕೊಡುತ್ತಿದ್ದ ಕಷಾಯದಲ್ಲಿ ಏನೇನಿತ್ತೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ರಕ್ತ ನಮ್ಮೆಲ್ಲರಲ್ಲೂ ಇದೆ. ಅವಳು ಇದ್ದಾಗ ಪಕ್ಕದಲ್ಲಿ ಕೂತು ಕೇಳಲಿಲ್ಲ, ಅಷ್ಟೆ.

ಇದನ್ನೇ ಮಗಳಿಗೆ ಹೇಳಿದೆ. ಅವಳಿಗೆ ಅಜ್ಜಿಯ ಕಷಾಯಕ್ಕಿಂತ ಹುಯಿಕೆಯ ಕೈ ಹೆಚ್ಚು ಹಿಡಿಸಿತು. ಕೈಗೀಯೇನೂ ಕತ್ತರಿಸಿಕೊಳ್ಳುವುದು ಬೇಡ, ಒತ್ತಕ್ಷರ ಸರಿಯಾಗಿ ಬರೆದರೆ ಸಾಕು ಎಂದೆ. ಮೂತಿ ಉಬ್ಬಿಸಿಕೊಂಡೇ ಆ ಭಾನುವಾರ ಆನ್‌ಲೈನ್ ತರಗತಿಗೆ ಕೂತಳು.