ಅಪ್ಪನ ಹೆಸರಿನ ಕಾಲಂ

ಹಾಜರಿ ಪುಸ್ತಕ ತೆರೆದು ಮೇಷ್ಟ್ರು ‘ನಿಮ್ಮಪ್ಪನ ಹೆಸರೇನಲೇ?’ ಅಂದಾಗ ನನ್ನ ಪಕ್ಕ ಕೂತಿದ್ದ ದೇವದಾಸಿ ತಾಯಿಯ ಮಗ ನೆಲ ನೋಡುತ್ತಿದ್ದ. ಅವನಿಗೆ ಅವ್ವ ಇದ್ದಳು, ಅಜ್ಜಿ ಇದ್ದಳು, ಹೊಟ್ಟೆಗೆ ರೊಟ್ಟಿ ಇತ್ತು. ಕೊರತೆ ಇದ್ದದ್ದು ಮನೆಯಲ್ಲಲ್ಲ, ಮೇಷ್ಟ್ರ ಕಾಲಮಿನಲ್ಲಿ.

ಸಲಿಂಗಿಗಳ ಮದುವೆ ಕುರಿತ ಸುಪ್ರಿಯೋ ಪ್ರಕರಣದಲ್ಲಿ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ಒಂದು ಪಠ್ಯವಾಗಿ ಓದುವಾಗ ಆ ಹುಡುಗ ನೆನಪಾದ. 2022ರ ದತ್ತು ನಿಯಮಾವಳಿಯ 5(3)ನೇ ನಿಯಮದಂತೆ ಜೋಡಿಯಾಗಿ ದತ್ತು ಪಡೆಯಲು ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು. ಸಲಿಂಗಿಗಳಿಗೆ ಮದುವೆಯೇ ಇಲ್ಲ. ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಇದು ತಾರತಮ್ಯ ಅಂದರು. ಮೂವರು ನಿಯಮ ಉಳಿಸಿದರು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ಬಿದ್ದುಹೋದವು.

ಒಂಟಿ ಹೆಣ್ಣು ದತ್ತು ಪಡೆಯಬಹುದು. ಒಂಟಿ ಗಂಡೂ ಪಡೆಯಬಹುದು, ಹೆಣ್ಣುಮಗುವನ್ನು ಬಿಟ್ಟು. ಅಂದರೆ ಇಬ್ಬರು ಹೆಂಗಸರು ಕೂಡಿ ಸಾಕುವ ಮಗುವಿಗೆ ಕಾಗದದಲ್ಲಿ ಒಬ್ಬಳೇ ತಾಯಿ. ಅವಳು ಸತ್ತರೆ ಇನ್ನೊಬ್ಬಳಿಗೆ ಮಗುವಿನ ಮೇಲೆ ತಾನಾಗಿ ಯಾವ ಹಕ್ಕೂ ಇಲ್ಲ. ಆ ಇನ್ನೊಬ್ಬಳು ಉಯಿಲು ಬರೆಯದೆ ಸತ್ತರೆ ಮಗು ಅವಳ ವಾರಸುದಾರನಲ್ಲ. ಮಗುವಿನ ಹಿತದ ಹೆಸರಿನಲ್ಲಿ ಮಗುವಿನಿಂದ ಒಬ್ಬ ತಾಯಿಯನ್ನು ಕಿತ್ತುಕೊಂಡದ್ದು ಯಾರ ಹಿತಕ್ಕೆ?

‘ಮಕ್ಕಳ ಗತಿ ಏನು?’ ಎಂಬ ಕಳಕಳಿ ನಮಗೆ ಹೊಸದೇನಲ್ಲ. ಗೀತೆಯ ಮೊದಲ ಅಧ್ಯಾಯದಲ್ಲೇ ಅರ್ಜುನ ವರ್ಣಸಂಕರಕ್ಕೆ ಹೆದರುತ್ತಾನೆ. ಅಂತರ್ಜಾತಿ ಮದುವೆಯಾಗುವವರಿಗೆ ಇವತ್ತಿಗೂ ಹಾಕುವುದು ಇದೇ ಪ್ರಶ್ನೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಮೇಲುಜಾತಿಯ ಕುಸುಮಳಿಗೆ ದಲಿತ ಚನ್ನನಿಂದ ಮಗು ಹುಟ್ಟುತ್ತದೆ, ಚನ್ನ ಕೊಲೆಯಾಗುತ್ತಾನೆ. ಆ ಮಗುವಿನ ಅಪ್ಪನನ್ನು ಕಸಿದದ್ದು ಅವರಿಬ್ಬರ ಕೂಡುವಿಕೆಯಲ್ಲ, ಹುಟ್ಟಿನ ಲೆಕ್ಕ ಇಡುವ ಜಾತಿ.

‘ಇದು ಪಟ್ಟಣದ ಉಳ್ಳವರ ಪ್ರಶ್ನೆ ಕಣ್ರಿ, ಚಳವಳಿಯದ್ದಲ್ಲ’ ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಉಳ್ಳವರು ವಕೀಲರನ್ನಿಟ್ಟು ಉಯಿಲು ಬರೆಸಿಕೊಂಡಾರು. ಕೂಲಿಗೆ ಹೋಗಿ ಬಂದು ಒಂದೇ ಒಲೆಯಲ್ಲಿ ಬೇಯಿಸಿ ಮಗು ಸಾಕುವ ಇಬ್ಬರು ಹೆಂಗಸರ ಕೈಲಿ ಏನಿದೆ? ಕಾನೂನು ಬೇಕಾಗಿರುವುದು ಅವರಿಗೇ.

ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುವುದನ್ನು ಧಿಕ್ಕರಿಸಿಯೇ ದಲಿತ ವಿಮರ್ಶೆ ಬಾಯಿ ತೆರೆದದ್ದು. ಅದು ಕುಟುಂಬ ಎಂಬ ಪಠ್ಯವನ್ನು ಮುಟ್ಟದೆ ಬಿಟ್ಟರೆ ಕೆಲಸ ಅರ್ಧ ಮಾಡಿದಂತೆ. ಸಾಕಿದ ಇಬ್ಬರ ಹೆಸರನ್ನೂ ಆ ಕಾಲಮಿನಲ್ಲಿ ಬರೆಯುವಂತಾಗಬೇಕು. ಅಲ್ಲೀತನಕ ಯಾವುದೋ ತರಗತಿಯಲ್ಲಿ ಒಂದು ಮಗು ನೆಲ ನೋಡುತ್ತಲೇ ಇರುತ್ತದೆ.