ಚಕ್ಕುಬಂದಿ ಓದದೆ ಕೊಂಡ ಮನೆ

ಬೆಂಗಳೂರಿನಲ್ಲಿ ಕಟ್ಟಿದ ಮನೆ ಕೊಳ್ಳಲು ಹೊರಟವರಿಗೆ ಎಲ್ಲ ಕಡೆಯಿಂದಲೂ ಒಂದೇ ಸಲಹೆ ಬರುತ್ತದೆ: ಮನೆ ನೀವು ನೋಡಿ, ಪೇಪರ್ ವಕೀಲರಿಗೆ ಕೊಡಿ. ಪತ್ರಿಕೆಗಳ ಆಸ್ತಿ ಪುರವಣಿಗಳು ಇದನ್ನೇ ಬರೆಯುತ್ತವೆ, ಬ್ಯಾಂಕಿನ ಸಾಲ ವಿಭಾಗದವರು ಇದನ್ನೇ ಹೇಳುತ್ತಾರೆ, ಹಿಂದೆ ಮನೆ ಕೊಂಡ ಅನುಭವವಿರುವ ಭಾವನೋ ಚಿಕ್ಕಪ್ಪನೋ ಇದನ್ನೇ ಒತ್ತಿ ಹೇಳುತ್ತಾರೆ. ಬ್ರೋಕರಿಗಂತೂ ಇದಕ್ಕಿಂತ ಅನುಕೂಲದ ಏರ್ಪಾಡು ಇನ್ನೊಂದಿಲ್ಲ. ಈ ಸಲಹೆಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚಾಯಿತು. ಮನೆ ನೋಡಿದವರು ಕಾಗದ ಓದುವುದಿಲ್ಲ, ಕಾಗದ ಓದಿದವರು ಮನೆಯ ಹತ್ತಿರ ಸುಳಿಯುವುದಿಲ್ಲ. ಕಾಗದವನ್ನು ಕೈಯಲ್ಲಿ ಹಿಡಿದು ಆ ಜಾಗದಲ್ಲಿ ನಿಂತು ನೋಡುವವರು ಇಡೀ ವ್ಯವಹಾರದಲ್ಲಿ ಒಬ್ಬರೂ ಇರುವುದಿಲ್ಲ. ಒಂದು ಕುಟುಂಬ ಇಪ್ಪತ್ತು ವರ್ಷದ ಸಂಬಳವನ್ನು ಅಡವಿಟ್ಟು ಮಾಡುವ ಖರೀದಿ ಹೀಗೆ ನಡೆಯುತ್ತಿರುವುದನ್ನು ಸಣ್ಣ ಲೋಪವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಬ್ರೋಕರ್ ಮನೆ ತೋರಿಸುವ ಕ್ರಮ ಓದುಗರಿಗೆ ಗೊತ್ತಿರುವುದೇ. ಬೀದಿಯಲ್ಲಿ ಗಲಾಟೆಯಿಲ್ಲದ ಭಾನುವಾರ ಬೆಳಗ್ಗೆ ಕರೆಯುತ್ತಾರೆ. ಕೈಗೆಟುಕದ ಒಂದು ಮನೆ, ಗಾಳಿ ಬೆಳಕಿಲ್ಲದ ಇನ್ನೊಂದು ಮನೆ ತೋರಿಸಿ, ಆಮೇಲೆ ಮಾರಬೇಕೆಂದಿರುವ ಮನೆಗೆ ಕರೆದೊಯ್ಯುತ್ತಾರೆ. ನಮ್ಮ ಮುಖ ಅರಳಿದ್ದು ಕಂಡ ಕೂಡಲೇ ಮಾತು ಬರುತ್ತದೆ: "ಸಂಜೆ ಇನ್ನೊಂದು ಪಾರ್ಟಿ ಬರ್ತಿದಾರೆ ಸಾರ್. ಟೋಕನ್ ಹಾಕಿದ್ರೆ ಓನರ್ ಹತ್ರ ಕೂರಿಸ್ತೀನಿ." ಪೇಪರ್ ಕೇಳಿದರೆ, "ಎಲ್ಲಾ ಕ್ಲಿಯರ್ ಇದೆ, ಟೋಕನ್ ಆದ್ಮೇಲೆ ಜೆರಾಕ್ಸ್ ಸೆಟ್ ಕೊಡಿಸ್ತೀನಿ." ಇದಕ್ಕೆ ಮಾಲೀಕರ ಕಡೆಯಿಂದ ನಿಜವಾದ ಕಾರಣವೂ ಇದೆ. ಜೆರಾಕ್ಸ್ ಪ್ರತಿ ಸಿಕ್ಕಸಿಕ್ಕವರ ಕೈಸೇರಿದರೆ ನಕಲಿ ಪತ್ರ ಹುಟ್ಟಬಹುದೆಂಬ ಭಯ ಸುಳ್ಳಲ್ಲ. ಪಾರ್ಟಿ ನೇರವಾಗಿ ಮಾಲೀಕರ ಬಳಿ ಹೋಗಿ ತನ್ನ ಕಮಿಷನ್ ತಪ್ಪಿಸಬಹುದೆಂಬ ಬ್ರೋಕರನ ಭಯವೂ ಸುಳ್ಳಲ್ಲ. ಆದರೆ ಟೋಕನ್ ಕೊಟ್ಟ ಮೇಲೆ ಓದುವ ಕಣ್ಣೇ ಬದಲಾಗುತ್ತದೆ. ಕೊಡುವ ಮುಂಚೆ ಬೇಡವೆನ್ನಲು ಕಾರಣ ಹುಡುಕುತ್ತೇವೆ. ಕೊಟ್ಟ ಮೇಲೆ ಸಮಾಧಾನ ಹುಡುಕುತ್ತೇವೆ.

ಕಟ್ಟಡದ ಬಗ್ಗೆ ನಮ್ಮ ಜನ ಒಟ್ಟಿನಲ್ಲಿ ಚೆನ್ನಾಗಿಯೇ ವಿಚಾರಿಸುತ್ತಾರೆ. ತಾರಸಿ ಸೋರುತ್ತದೆಯೇ, ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್‌ವೆಲ್‌ನಲ್ಲಿ ನೀರಿದೆಯೇ, ಮಂಜೂರಾದ ನಕ್ಷೆಗಿಂತ ಒಂದು ಮಹಡಿ ಹೆಚ್ಚು ಎಬ್ಬಿಸಿದ್ದಾರೆಯೇ ಎಂದು ಕೇಳುತ್ತಾರೆ. 2024ರ ಬೇಸಿಗೆಯ ನೀರಿನ ಬರದ ನಂತರ ಸಂಪು ಇಣುಕಿ ನೋಡದೆ ಯಾರೂ ಹಿಂತಿರುಗುವುದಿಲ್ಲ. ಅಡುಗೆಮನೆ ಆಗ್ನೇಯಕ್ಕಿದೆಯೇ ಎಂದು ದಿಕ್ಸೂಚಿ ಹಿಡಿದು ನೋಡುವವರಿಗೂ ಕೊರತೆಯಿಲ್ಲ. ಅಷ್ಟು ಶ್ರದ್ಧೆಯಿಂದ ದಿಕ್ಕು ನೋಡುವವರೇ ಕ್ರಯಪತ್ರದಲ್ಲಿ ಅದೇ ನಾಲ್ಕು ದಿಕ್ಕು ಬರೆದಿರುವ ಪುಟವನ್ನು ತೆರೆಯದೆ ಸಹಿ ಹಾಕುತ್ತಾರೆ. ನನ್ನ ತಕರಾರು ಆ ಪುಟದ ಬಗ್ಗೆ.

ಷೆಡ್ಯೂಲ್ ಎಂದು ಕರೆಯುವ ಈ ಭಾಗ ಪತ್ರದ ಕೊನೆಯಲ್ಲಿ, ಸಹಿಗಳಿಗೆ ಸ್ವಲ್ಪ ಮೇಲೆ ಇರುತ್ತದೆ. ಸರ್ವೆ ನಂಬರು, ಸೈಟ್ ನಂಬರು, ಪೂರ್ವ-ಪಶ್ಚಿಮ ಇಷ್ಟು ಅಡಿ, ಉತ್ತರ-ದಕ್ಷಿಣ ಇಷ್ಟು ಅಡಿ, ಆಮೇಲೆ ನಾಲ್ಕು ದಿಕ್ಕಿಗೆ ಏನಿದೆಯೆಂದು ಹೇಳುವ ಚಕ್ಕುಬಂದಿ. ಅದಕ್ಕೆ ಮುಂಚಿನ ಪುಟಗಳೆಲ್ಲ ಮನುಷ್ಯರ ಕಥೆ: ಯಾರಿಂದ ಯಾರಿಗೆ ಬಂತು, ಎಷ್ಟು ಹಣ, ಯಾವ ಚೆಕ್ಕು. ನೆಲದ ಬಗ್ಗೆ ಇಡೀ ಪತ್ರ ಮಾತಾಡುವುದು ಈ ಹತ್ತು ಹನ್ನೆರಡು ಸಾಲಿನಲ್ಲಿ ಮಾತ್ರ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಯೇ ಮೇಲು ಎಂಬುದು ನಮ್ಮ ನ್ಯಾಯಾಲಯಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದ ತತ್ವ. ಇಷ್ಟು ತೂಕದ ಸಾಲುಗಳನ್ನು ಪತ್ರಬರಹಗಾರರು ಹಿಂದಿನ ಪತ್ರ ನೋಡಿ ನಕಲು ಮಾಡುತ್ತಾರೆ. ಸ್ಥಳಕ್ಕೆ ಹೋಗಿ ಬರೆದ ಚಕ್ಕುಬಂದಿ ಅಪರೂಪ.

ಈಚೆಗೆ ಸ್ನೇಹಿತರೊಬ್ಬರು ನೋಡಿ ಮೆಚ್ಚಿದ, ನಗರದ ದಕ್ಷಿಣ ಭಾಗದ ಒಂದು 30×40 ಮನೆಯ ಪತ್ರಗಳನ್ನು ಓದಿದೆ. ವಕೀಲರ ಅಭಿಪ್ರಾಯ ಬಂದಿತ್ತು, ಬ್ಯಾಂಕು ಸಾಲಕ್ಕೆ ಒಪ್ಪಿತ್ತು. ನಾನು ಮಾಡಿದ್ದಿಷ್ಟೆ: ಮೂಲಪತ್ರದಿಂದ ಇಂದಿನವರೆಗಿನ ಪತ್ರಗಳ ಷೆಡ್ಯೂಲ್ ಪುಟಗಳನ್ನು ಮಾತ್ರ ಬೇರೆ ತೆಗೆದು ಸಾಲಾಗಿ ಜೋಡಿಸಿ, ಒಂದೊಂದೇ ದಿಕ್ಕನ್ನು ಮೇಲಿನಿಂದ ಕೆಳಗೆ ಓದಿದೆ. ಪೂರ್ವ, ಉತ್ತರ, ದಕ್ಷಿಣ ಸರಿಯಾಗಿದ್ದವು. ಪಶ್ಚಿಮದಲ್ಲಿ ಸಿಕ್ಕಿಬಿದ್ದೆ. ಜಮೀನು ಎಕರೆ-ಗುಂಟೆಯಲ್ಲಿದ್ದ ಕಾಲದ ಪತ್ರದಲ್ಲಿ "ಪಶ್ಚಿಮಕ್ಕೆ: ಸರ್ಕಾರಿ ಹಳ್ಳ" ಎಂದಿತ್ತು. ಬಡಾವಣೆಯಾಗಿ ಈ ಸೈಟು ಅದರ ಪಶ್ಚಿಮದ ಅಂಚಿಗೆ ಬಿದ್ದ ಮೇಲೆ, ಸೈಟಿನ ಮೊದಲ ಪತ್ರದಲ್ಲಿ "ಪಶ್ಚಿಮಕ್ಕೆ: ಚರಂಡಿ". ಅದರ ನಂತರದ್ದರಲ್ಲಿ "ಪಶ್ಚಿಮಕ್ಕೆ: ಗಲ್ಲಿ". ಈಗ ಮಾರುತ್ತಿರುವವರು ಕೊಂಡ ಪತ್ರದಲ್ಲಿ "ಪಶ್ಚಿಮಕ್ಕೆ: ಖಾಸಗಿ ಸ್ವತ್ತು".

ಹಳ್ಳ ಖಾಸಗಿ ಸ್ವತ್ತಾಗಲು ಯಾರೂ ದೊಡ್ಡ ಸಂಚು ಹೂಡಬೇಕಿಲ್ಲ. ಒಬ್ಬ ಬರಹಗಾರ ಕಂಡದ್ದನ್ನು ಬರೆದಿರಬಹುದು, ಇನ್ನೊಬ್ಬ ಮಾರಾಟಕ್ಕೆ ಚೆನ್ನಾಗಿ ಕೇಳುವುದನ್ನು ಬರೆದಿರಬಹುದು. ನಾಲ್ಕೂ ಪತ್ರಗಳು ಕ್ರಮವಾಗಿ ನೋಂದಣಿಯಾಗಿವೆ. ಸಬ್ ರಿಜಿಸ್ಟ್ರಾರ್ ಕಚೇರಿ ವ್ಯವಹಾರವನ್ನು ದಾಖಲು ಮಾಡುತ್ತದೆ, ಪಶ್ಚಿಮಕ್ಕೆ ಹೋಗಿ ಹಳ್ಳ ಹುಡುಕುವುದಿಲ್ಲ. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ಈ ನಾಲ್ಕು ನೋಂದಣಿಗಳೂ ಅಚ್ಚುಕಟ್ಟಾಗಿ ಬರುತ್ತವೆ. ಅಳತೆ ನಾಲ್ಕನೆಯ ಪತ್ರದಲ್ಲೂ ಪೂರ್ವ-ಪಶ್ಚಿಮ ನಲವತ್ತು ಅಡಿಯೇ ಇತ್ತು. ಸ್ಥಳದಲ್ಲಿ ಟೇಪು ಹಿಡಿದಾಗ ರಸ್ತೆಯಂಚಿನಿಂದ ಹಿಂದಿನ ಕಾಂಪೌಂಡ್ ಗೋಡೆಗೆ ನಲವತ್ತಾರು ಅಡಿ ಬಂತು. ಆ ಆರು ಅಡಿಯಲ್ಲಿ ಬಟ್ಟೆ ಒಗೆಯುವ ಕಲ್ಲು, ನುಗ್ಗೆಮರ, ಶೀಟು ಹಾಕಿದ ಯುಟಿಲಿಟಿ. ಬ್ರೋಕರ್ ಮೊದಲ ದಿನವೇ ಆ ಜಾಗವನ್ನು ಹೆಮ್ಮೆಯಿಂದ ತೋರಿಸಿದ್ದರಂತೆ: "ಹಿಂದ್ಗಡೆ ಎಕ್ಸ್‌ಟ್ರಾ ಜಾಗ ಸಿಗುತ್ತೆ ಸಾರ್, ಅದಕ್ಕೆ ಓನರ್ ದುಡ್ಡು ಕೇಳ್ತಿಲ್ಲ." ಹಳೆಯ ಗ್ರಾಮ ನಕಾಶೆ ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ, ನಿಂತ ಜಾಗದಿಂದಲೇ ಸರ್ವೆ ನಂಬರಿನ ಗೆರೆ ಕಾಣುತ್ತದೆ. ಎರಡರಲ್ಲೂ ಮೂಲಪತ್ರದ ಆ ಹಳ್ಳ ಗೋಡೆಯ ಪಕ್ಕದಲ್ಲೇ ಕಾಲುವೆಯಾಗಿ ಹಾದುಹೋಗಿತ್ತು. ಪತ್ರದಲ್ಲಿಲ್ಲದ ಆ ಆರು ಅಡಿ ಬಂದದ್ದು ಹಳ್ಳದ ಕಡೆಯಿಂದ.

ವಕೀಲರ ಅಭಿಪ್ರಾಯ ತಪ್ಪಾಗಿರಲಿಲ್ಲ. ವಂಶವೃಕ್ಷ, ವಿಭಾಗಪತ್ರ, ಭೂಪರಿವರ್ತನೆ ಎಲ್ಲವನ್ನೂ ನೋಡಿದ್ದರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯಲ್ಲ ಎಂದು ಖಚಿತಪಡಿಸಿಕೊಂಡಿದ್ದರು. ಅಂಥ ಭೂಮಿಯ ಪರಭಾರೆಯನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ಬಲ್ಲವರಿಗೆ ಇದು ಎಷ್ಟು ಮುಖ್ಯವೆಂದು ಹೇಳಬೇಕಿಲ್ಲ. ಆದರೆ ಷೆಡ್ಯೂಲನ್ನು ಮಾತ್ರ ಕೊನೆಯ ಪತ್ರದಿಂದ ಹಾಗೆಯೇ ಇಳಿಸಿಕೊಂಡಿದ್ದರು. ಬ್ಯಾಂಕಿನ ಮೌಲ್ಯಮಾಪಕರ ವರದಿಯಲ್ಲಿ ಚಕ್ಕುಬಂದಿಗೆ ಎರಡು ಕಾಲಂ ಇರುತ್ತವೆ: ಪತ್ರದ ಪ್ರಕಾರ, ಸ್ಥಳದ ಪ್ರಕಾರ. ಈ ಎಡವಟ್ಟು ಸಿಕ್ಕಿಬೀಳಲೆಂದೇ ಮಾಡಿದ ಕಾಲಂ ಅದು. ಅಲ್ಲಿ ಎರಡರಲ್ಲೂ ಒಂದೇ ಒಕ್ಕಣೆ ತುಂಬಿತ್ತು. ಸಾಮಾನ್ಯವಾಗಿ ಈ ವರದಿ ಬ್ಯಾಂಕಿನ ಕಡತದಲ್ಲೇ ಉಳಿಯುತ್ತದೆ. ಕೊಳ್ಳುವವರು ಕೇಳುವುದಿಲ್ಲ, ಬ್ಯಾಂಕಿನವರು ತಾವಾಗಿ ಕೊಡುವುದಿಲ್ಲ. ಸ್ನೇಹಿತರು ಹಟ ಹಿಡಿದು ಕೇಳಿದ್ದರಿಂದ ನನಗೆ ನೋಡಲು ಸಿಕ್ಕಿತು.

ಇಲ್ಲಿ ಆಸ್ತಿ ಅಂಕಣಕಾರರೊಂದಿಗೆ ನನಗೆ ಜಗಳವಿದೆ, ಅದನ್ನು ಆಡಿಯೇ ತೀರಬೇಕು. ವರ್ಷಗಳಿಂದ ಇವರು ಓದುಗರಿಗೆ ಒಂದಾದ ಮೇಲೊಂದು ತಾಯಿತ ಕಟ್ಟುತ್ತ ಬಂದಿದ್ದಾರೆ. ಮೊದಲು "ಎ ಖಾತಾ ಇದ್ದರೆ ಚಿಂತೆಯಿಲ್ಲ" ಎಂದರು. ಖಾತಾ ಎಂದರೆ ತೆರಿಗೆ ಯಾರಿಂದ ವಸೂಲಿ ಮಾಡಬೇಕೆಂಬ ಪಾಲಿಕೆಯ ದಾಖಲೆ. ಅದರಿಂದ ಮಾಲೀಕತ್ವ ಸಿದ್ಧವಾಗುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆಮತ್ತೆ ಹೇಳಿವೆ. ಆಮೇಲೆ "ಬ್ಯಾಂಕ್ ಸಾಲ ಕೊಟ್ಟರೆ ಪೇಪರ್ ಸರಿ ಇದೆಯೆಂದೇ ಅರ್ಥ" ಎಂದರು. ಬ್ಯಾಂಕು ನೋಡುವುದು ತನ್ನ ಹಣ ವಾಪಸು ಬರುತ್ತದೆಯೇ ಎಂದು. ಆರು ಅಡಿ ಹೋದರೂ ಮನೆ ಹೋದರೂ ಕಂತು ಕಟ್ಟುವ ಹೊಣೆ ನಿಮ್ಮದೇ. ಈಗ ಇ-ಖಾತಾದ ಸರದಿ. 2024ರಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಒಂದೇ ಸ್ವತ್ತನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಇದರಿಂದ ತಡೆಯಾಗುತ್ತದೆ, ಒಪ್ಪುತ್ತೇನೆ. ಅಂಕಣಕಾರರು ಅದನ್ನು ಸರ್ವರೋಗಕ್ಕೂ ಮದ್ದೆಂದು ಬರೆಯುವುದನ್ನು ಒಪ್ಪಲಾರೆ. ಇ-ಖಾತಾದಲ್ಲೂ ಚಕ್ಕುಬಂದಿ ಇದೆ. ಅದಕ್ಕೆ ಆಧಾರ ಮಾಲೀಕರು ಒದಗಿಸಿದ ಕ್ರಯಪತ್ರ. ಹಾಗಾದರೆ "ಖಾಸಗಿ ಸ್ವತ್ತು" ಎಂಬ ಒಕ್ಕಣೆ ಕಂಪ್ಯೂಟರಿಗೆ ಹೋಗಿ ಸರ್ಕಾರದ ಲಾಂಛನ ಹೊತ್ತು ಹೊರಬರುತ್ತದೆ, ಅಷ್ಟೆ.

2016ರ ಆಗಸ್ಟ್ ಇವರಿಗೆ ಮರೆತುಹೋಗಿದೆಯೇ? ಅರಕೆರೆಯ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿ ತೆರವಿನ ಹೆಸರಿನಲ್ಲಿ ಪಾಲಿಕೆಯ ಜೆಸಿಬಿಗಳು ವಾಸದ ಮನೆಗಳನ್ನು ಕೆಡವಿದವು. ಅಲ್ಲಿನ ಹಲವರ ಬಳಿ ನೋಂದಾಯಿತ ಕ್ರಯಪತ್ರ, ಖಾತಾ, ತೆರಿಗೆ ರಸೀದಿ, ಬ್ಯಾಂಕ್ ಸಾಲ ಎಲ್ಲವೂ ಇದ್ದವು. ಅಂಕಣಗಳು ಹೇಳುವ ಒಂದೊಂದು ತಾಯಿತವೂ ಅವರ ಬೀರುವಿನಲ್ಲಿತ್ತು. ತೆರವಿಗೆ ಅಧಿಕಾರಿಗಳು ಆಧಾರವಾಗಿ ಹಿಡಿದದ್ದು ಹಳೆಯ ಗ್ರಾಮ ನಕಾಶೆ. ಆ ತೆರವಿನಲ್ಲಿ ಬಡವರಿಗೊಂದು ಬಲಿಷ್ಠರಿಗೊಂದು ನ್ಯಾಯವಾಯಿತೆಂಬ ಆಕ್ಷೇಪ ಅಂದೂ ಇತ್ತು, ಅದರಲ್ಲಿ ಹುರುಳೂ ಇದೆ. ಆದರೆ ಕೊಳ್ಳುವವರು ನೋಡಬೇಕಾದ ಕಾಗದ ಯಾವುದೆಂದು ಆ ಘಟನೆ ಎಲ್ಲರ ಕಣ್ಣೆದುರು ತೋರಿಸಿತು. ಇಷ್ಟಾದ ಮೇಲೂ ಖಾತಾ, ಸಾಲ, ಇ-ಖಾತಾ ಎಂದು ಬರೆಯುತ್ತಿರುವವರು ಓದುಗರ ನಂಬಿಕೆಗೆ ತಕ್ಕ ಕೆಲಸ ಮಾಡುತ್ತಿಲ್ಲ.

ಇನ್ನೊಂದು ಗುಂಪು ಬ್ರೋಕರನ್ನೇ ಬಿಟ್ಟುಬಿಡಿ ಎನ್ನುತ್ತದೆ. ಅದನ್ನೂ ನಾನು ಒಪ್ಪುವುದಿಲ್ಲ. ಬೀದಿಯಲ್ಲಿ ಯಾರ ಮನೆ ಯಾವ ದಾವೆಯಲ್ಲಿದೆ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಒಳ್ಳೆಯ ಬ್ರೋಕರಿಗೆ ಗೊತ್ತಿರುವಷ್ಟು ಯಾವ ಇಲಾಖೆಗೂ ಗೊತ್ತಿರುವುದಿಲ್ಲ. ಆ ತಿಳಿವಳಿಕೆಗೆ ಶೇಕಡಾ ಒಂದೋ ಎರಡೋ ಕಮಿಷನ್ ಕೊಡುವುದು ಅನ್ಯಾಯವೇನಲ್ಲ. ತೊಂದರೆ ಇರುವುದು ಅವರ ಹೊಣೆಯಲ್ಲಿ. ಎರಡೂ ಕಡೆಯಿಂದ ಕಮಿಷನ್ ಪಡೆಯುವ, ವ್ಯವಹಾರ ಕುದುರಿದರೆ ಮಾತ್ರ ಸಂಪಾದನೆ ಇರುವ ಇವರಿಗೆ, ಗೊತ್ತಿರುವ ದೋಷವನ್ನು ಹೇಳಲೇಬೇಕೆಂಬ ಕಟ್ಟುಪಾಡಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ದೋಷ ತನಗೆ ಗೊತ್ತಿದ್ದರೆ ಹೇಳಬೇಕಾದ ಹೊಣೆಯನ್ನು ಮಾರುವವರ ಮೇಲೆ ಹೊರಿಸುತ್ತದೆ. ಬ್ರೋಕರಿನ ಹೆಸರು ಅಲ್ಲಿಲ್ಲ. ಸಾಮಾನ್ಯ ಎಚ್ಚರಿಕೆ ಎಂಬ ಷರತ್ತನ್ನೂ ಗಮನಿಸಿ: ಗ್ರಾಮ ನಕಾಶೆ ಎಲ್ಲರ ಫೋನಿನಲ್ಲಿ ಸಿಗುವ ಈ ಕಾಲದಲ್ಲಿ "ನನಗೆ ಗೊತ್ತಾಗಲಿಲ್ಲ" ಎಂಬ ಮಾತು ನ್ಯಾಯಾಲಯದಲ್ಲಿ ಎಷ್ಟು ನಿಲ್ಲುತ್ತದೆ ಎಂಬುದು ಅನುಮಾನ.

ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆಂದು ಬಂದ 2016ರ ರೇರಾ ಕಾಯ್ದೆಯಲ್ಲಿ ಮಾತ್ರ ಬ್ರೋಕರಿಗೆ ಹೊಣೆ ಹೊರಿಸಲಾಗಿದೆ. 9ನೇ ಕಲಮಿನ ಪ್ರಕಾರ ಏಜೆಂಟ್ ನೋಂದಾಯಿಸಿಕೊಳ್ಳಬೇಕು. 10ನೇ ಕಲಮಿನ ಪ್ರಕಾರ ಸುಳ್ಳು ಹೇಳಿ ದಾರಿ ತಪ್ಪಿಸಬಾರದು, ಬುಕಿಂಗ್ ಸಮಯದಲ್ಲೇ ಕೊಳ್ಳುವವರಿಗೆ ಸಲ್ಲಬೇಕಾದ ಮಾಹಿತಿ, ದಾಖಲೆಗಳನ್ನೆಲ್ಲ ದೊರಕಿಸಿಕೊಡಬೇಕು. ಬೇಕಾಗಿರುವುದು ಇದೇ. ಆದರೆ ಇದು ಅನ್ವಯವಾಗುವುದು ರೇರಾದಲ್ಲಿ ನೋಂದಣಿಯಾದ ಯೋಜನೆಗಳಿಗೆ. ಹಳೆಯ ಬಡಾವಣೆಯ ಒಂಟಿ ಮನೆ ಕೈ ಬದಲಾಯಿಸುವಾಗ ಬ್ರೋಕರಿಗೆ ಈ ಯಾವ ಕಟ್ಟೂ ಇಲ್ಲ. ಹೊಸ ಫ್ಲ್ಯಾಟ್ ಕೊಳ್ಳುವವರಿಗಿಂತ ಹಳೆಯ ಮನೆ ಕೊಳ್ಳುವವರಿಗೆ ಕಾಗದದ ಗೊಂದಲ ಹೆಚ್ಚು, ರಕ್ಷಣೆ ಕಡಿಮೆ. ಮರುಮಾರಾಟದ ಬ್ರೋಕರುಗಳಿಗೂ ನೋಂದಣಿ ಮತ್ತು ದಾಖಲೆ ಒದಗಿಸುವ ಹೊಣೆ ತರಬೇಕು. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕವನ್ನು ಶೇಕಡಾ ಒಂದರಿಂದ ಎರಡಕ್ಕೆ ಏರಿಸಿದ ರಾಜ್ಯ ಸರ್ಕಾರ, ಅಷ್ಟು ಹಣ ತೆಗೆದುಕೊಳ್ಳುವಾಗ ಕೊಳ್ಳುವವರಿಗೆ ಇಷ್ಟಾದರೂ ಮಾಡುವ ಋಣದಲ್ಲಿದೆ.

ನನ್ನ ಸ್ನೇಹಿತರು ಆ ಮನೆ ಬಿಟ್ಟರು, ಟೋಕನ್ ಹಣ ಪೂರ್ತಿ ವಾಪಸು ಬರಲಿಲ್ಲ. ಮನೆಯನ್ನು ಆಮೇಲೆ ಬೇರೆ ಯಾರೋ ಕೊಂಡರು.

ಮನೆ ಹುಡುಕುತ್ತಿರುವವರಲ್ಲಿ ನನ್ನ ಕೋರಿಕೆ ಇದು. ಟೋಕನ್ ಕೊಡುವ ಮೊದಲು ಇಡೀ ಜೆರಾಕ್ಸ್ ಸೆಟ್ ಕೇಳಬೇಡಿ. ಮೂಲಪತ್ರದಿಂದ ಇಂದಿನ ಪತ್ರದವರೆಗೆ ಷೆಡ್ಯೂಲ್ ಪುಟಗಳನ್ನು ಮಾತ್ರ ಕೇಳಿ. ಹೆಸರು, ಸಹಿ, ಬೆರಳಚ್ಚು ಮುಚ್ಚಿ ಕೊಟ್ಟರೂ ಸಾಕು. ಅಷ್ಟರಿಂದ ಯಾರೂ ನಕಲಿ ಪತ್ರ ಸೃಷ್ಟಿಸಲಾರರು, ಹಾಗಾಗಿ ಮಾಲೀಕರ ಭಯಕ್ಕೂ ಅಲ್ಲಿ ಜಾಗವಿಲ್ಲ. ಆ ಪುಟಗಳನ್ನೂ ಒಂದು ಟೇಪನ್ನೂ ಹಿಡಿದು, ಭಾನುವಾರ ಬೆಳಗ್ಗೆ ಬೇಡ, ಒಂದು ಮಳೆ ಸುರಿದ ಮಾರನೆಯ ದಿನ ಹೋಗಿ, ನಾಲ್ಕು ದಿಕ್ಕಿನ ಗೋಡೆಯ ಬಳಿಯೂ ನಿಂತು ಓದಿ. ಷೆಡ್ಯೂಲ್ ಪುಟ ಕೊಡಲು ಒಪ್ಪದ ಬ್ರೋಕರ್ ತೋರಿಸುವ ಮನೆ ಎಷ್ಟೇ ಚೆನ್ನಾಗಿರಲಿ, ಟೋಕನ್ ಹಾಕಬೇಡಿ.